ಕೂದಲೆಳೆಯಷ್ಟು ಓರೆ

ಗೇಟಿನ ಪಕ್ಕದ ಗೋಡೆಗೆ ಬಡಿದಿದ್ದ ಹಾಜರಿ ಯಂತ್ರಕ್ಕೆ ಊದಪ್ಪನ ಹೆಬ್ಬೆಟ್ಟು ಬೇಡವಾಗಿತ್ತು. ಇಪ್ಪತ್ತನಾಲ್ಕು ವರ್ಷ ಉರಿಯ ಮುಂದೆ ಗಾಜು ಹಿಡಿದು ಅವನ ಹತ್ತೂ ಬೆರಳುಗಳ ಗೆರೆ ಸುಟ್ಟು ಸಪಾಟಾಗಿತ್ತು. ಬಲಗೈ ಒತ್ತಿದ. ಕೆಂಪು ದೀಪ. ಎಡಗೈ ಒತ್ತಿದ. ಕೆಂಪು ದೀಪ. ಎಂಜಲು ಹಚ್ಚಿ, ಅಂಗಿಗೆ ಒರೆಸಿ ಮತ್ತೆ ಒತ್ತಿದ. ಅದಕ್ಕೂ ಕೆಂಪು.

"ಯಂತ್ರದ ಲೆಕ್ಕದಲ್ಲಿ ನೀನಿನ್ನೂ ಹುಟ್ಟೇ ಇಲ್ಲ ಕಣಯ್ಯ," ಎಂದು ನಕ್ಕ ಕಾವಲುಗಾರ ಹಳೆಯ ನೋಟ್‌ಬುಕ್ಕಿನಲ್ಲಿ ಅವನ ಹೆಸರು ಬರೆದುಕೊಂಡ. ಆಫೀಸಿನವರ ಮನಸ್ಸು ನೆಟ್ಟಗಿದ್ದ ದಿನ ಆ ನೋಟ್‌ಬುಕ್ಕಿಗೆ ಬೆಲೆ. ಇಲ್ಲದ ದಿನ ಊದಪ್ಪ ಬಂದೂ ಬಾರದವನು.

ಹಿಂದೆಯೇ ಬಂದ ಬಾಮೈದ ಬೆರಳು ತಾಕಿಸಿದನೋ ಇಲ್ಲವೋ, ಯಂತ್ರ ಟಿಣ್ ಎಂದು ಹಸಿರು ಬೆಳಗಿತು.

"ನಿನ್ನ ಬಾಮೈದನ್ನ ಕಂಡ್ರೆ ಇದಕ್ಕೂ ಮೋಹ ನೋಡು," ಎಂದ ಕಾವಲುಗಾರ.

ತಮಾಷೆಯ ಮಾತು. ಆದರೂ ಊದಪ್ಪನಿಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. "ಬಾ ಭಾವ, ಚಾ ಕುಡಿಯೋಣ," ಎಂದು ಬಾಮೈದ ಕರೆದರೆ, "ನಂಗೆ ಕೆಲಸ ಇದೆ," ಎಂದು ಮುಖ ತಿರುಗಿಸಿಕೊಂಡು ನಡೆದ.

ವಿಶ್ವವಿದ್ಯಾಲಯದ ಭೌತ ವಿಜ್ಞಾನಗಳ ಕಟ್ಟಡಕ್ಕೆ ಮೂರು ಮಹಡಿ. ಮುಂದೆ ನುಣುಪು ಕಲ್ಲಿನ ಮೆಟ್ಟಿಲು, ಗಾಜಿನ ಬಾಗಿಲು. ಹಿಂದೆ ತಗಡಿನ ಶೆಡ್ಡು. ಆ ಶೆಡ್ಡೇ ವರ್ಕ್‌ಶಾಪು. ಅದರ ಒಂದು ಮೂಲೆ ಊದಪ್ಪನದು. ಸಂಶೋಧನೆಗೆ ಬೇಕಾದ ಗಾಜಿನ ಬುರುಡೆ, ನಳಿಕೆ, ತಿರುಪು ಕೊಳವೆಗಳನ್ನೆಲ್ಲ ಅವನು ಉರಿಯಲ್ಲಿ ಮೆದುವಾಗಿಸಿ ಬಾಯಿಂದ ಊದಿ ಮಾಡುತ್ತಿದ್ದ. ಹಾಗಾಗಿಯೇ ಊದಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಗಾಳಿ ಬೀಸಿದರೆ ಉರಿ ಅಲುಗುತ್ತದೆಂದು ಅವನ ಮೂಲೆಗೆ ಫ್ಯಾನು ಇರಲಿಲ್ಲ. ಬೇಸಿಗೆಯಲ್ಲಿ ತಗಡು ಮೇಲಿಂದ ಕಾಯುತ್ತಿತ್ತು, ಉರಿ ಮುಂದಿನಿಂದ. ಊದಿ ಊದಿ ಅವನ ಕೆನ್ನೆ ಎರಡೂ ಹಾಲು ಬತ್ತಿದ ಕೆಚ್ಚಲಿನಂತೆ ಜೋತುಬಿದ್ದಿದ್ದವು.

ಇನ್ನೊಂದು ಮೂಲೆ ಬಾಮೈದನದು. ಅವನು ಲೋಹ ಕಡೆಯುವ ಲೇತ್ ಯಂತ್ರ ತಿರುಗಿಸುವವನು. ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ, ಅಕ್ಕನ ಮನೆಯ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೂತಿದ್ದವನನ್ನು ಒಂಬತ್ತು ವರ್ಷದ ಹಿಂದೆ ಇಲ್ಲಿಗೆ ಕರೆತಂದವನು ಊದಪ್ಪನೇ. ಆಗ ಅವನು ಮೇಷ್ಟ್ರುಗಳ ಮುಂದೆ ಕೈಮುಗಿದು, "ನನ್ನ ಹೆಂಡತಿ ತಮ್ಮ ಸ್ವಾಮಿ, ಕೈ ಶುದ್ಧ, ಕೆಲಸವೂ ಶುದ್ಧ," ಎಂದಿದ್ದ. ಇಬ್ಬರೂ ವರ್ಷ ವರ್ಷಕ್ಕೂ ಒಪ್ಪಂದದ ಕಾಗದಕ್ಕೆ ಹೊಸ ಸಹಿ ಹಾಕುವ ಆಳುಗಳು. ಒಂಬತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡಿದ್ದರು. ಈಗ ಆರು ತಿಂಗಳಿಂದ ಎರಡು ಡಬ್ಬಿ.

ಅದಕ್ಕೆ ಕಾರಣ ದೊಡ್ಡ ಮೇಷ್ಟ್ರ ಒಂದು ಮಾತು. ದೊಡ್ಡ ಮೇಷ್ಟ್ರು ಎಂದರೆ ಇಡೀ ಕಟ್ಟಡದ ಮುಖ್ಯಸ್ಥರು. ಒಂದು ದಿನ ಶೆಡ್ಡಿಗೆ ಬಂದವರು ಇಬ್ಬರನ್ನೂ ಕರೆದು, "ಒಂದು ಖಾಯಂ ಹುದ್ದೆ ಬರ್ತಾ ಇದೆ. ಇರೋದು ಒಂದೇ. ನೀವು ಇಬ್ಬರು. ಯಾರ ಕೆಲಸ ಹೇಗಿರುತ್ತೆ ಅಂತ ನೋಡ್ತಿರ್ತೀನಿ," ಎಂದು ಹೇಳಿ ಹೋದರು.

ಒಂದು ರೊಟ್ಟಿಯ ತುಂಡನ್ನು ಎರಡು ನಾಯಿಗಳ ನಡುವೆ ಎಸೆದು ಹೋದ ಹಾಗೆ. ಆದರೆ ಊದಪ್ಪನಿಗೆ ಆಗ ರೊಟ್ಟಿ ಕಂಡಿತೇ ಹೊರತು ಎಸೆದ ಕೈ ಕಾಣಲಿಲ್ಲ.

ಅಂದಿನಿಂದ ಅವನ ಕಣ್ಣು ಬಾಮೈದನ ಬೆನ್ನಿಗೇ ಅಂಟಿಕೊಂಡಿತು. ದೊಡ್ಡ ಮೇಷ್ಟ್ರು ಬಾಮೈದನನ್ನು ಕೋಣೆಗೆ ಕರೆಸಿದರು. ಕಿಟಕಿಯ ಹೊರಗೆ ಹಾದು ಹೋಗುತ್ತಿದ್ದ ಊದಪ್ಪ ಕಣ್ಣಾರೆ ಕಂಡ: ಬಾಮೈದ ಕುರ್ಚಿಯ ಮೇಲೆ ಕೂತಿದ್ದ! ಇಪ್ಪತ್ತನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ತನಗೆ ಯಾರೂ ಕೂರು ಎಂದಿರಲಿಲ್ಲ. ಭಾನುವಾರ ಬಂದರೆ ಬಾಮೈದ ದೊಡ್ಡ ಮೇಷ್ಟ್ರ ಮನೆಗೆ ಹೋಗುತ್ತಿದ್ದ. ಬೆಳಿಗ್ಗೆ ಹೋದವನು ಸಂಜೆಗೆ ಬರುತ್ತಿದ್ದ. ಏನು ಉಪಚಾರವೋ, ಏನು ಮಾತುಕತೆಯೋ.

ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಪುಸ್ತಕದ ಸಂಗತಿ. ಸಂಶೋಧನೆ ಮುಗಿಸಿದವರು ದಪ್ಪ ಪ್ರಬಂಧ ಬರೆದು ರಟ್ಟು ಕಟ್ಟಿಸುತ್ತಾರೆ. ಅದರ ಮೊದಲಲ್ಲಿ ಒಂದು ಪುಟ ಉಪಕಾರ ಸ್ಮರಣೆಗೆ. ಗುರುಗಳು, ತಂದೆತಾಯಿ, ಗೆಳೆಯರು ಎಲ್ಲ ಮುಗಿದ ಮೇಲೆ ಕೆಳಗೆ ಒಂದು ಸಾಲಿನಲ್ಲಿ ಗಾಜು ಊದಿದವನ ಹೆಸರು ಬರುವುದುಂಟು. ಪ್ರಬಂಧದ ಭಾಷೆ ಊದಪ್ಪನಿಗೆ ಬಾರದು. ಆದರೆ ತನ್ನ ಹೆಸರು ಆ ಲಿಪಿಯಲ್ಲಿ ಹೇಗೆ ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ಹಸುಗಳ ಮಂದೆಯಲ್ಲಿ ನಮ್ಮ ಕರುವನ್ನು ದೂರದಿಂದಲೇ ಗುರುತಿಸುತ್ತೇವಲ್ಲ, ಹಾಗೆ. ಊಟದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಹೋಗಿ, ಕೈ ಒರೆಸಿಕೊಂಡು, ಹೊಸ ಪ್ರಬಂಧ ಬಂದಿದ್ದರೆ ಆ ಪುಟ ತೆಗೆದು ನೋಡುತ್ತಿದ್ದ. ಹತ್ತೊಂಬತ್ತು ಕಡೆ ಅವನಿದ್ದ. ಈ ಸಲ ದೊಡ್ಡ ಮೇಷ್ಟ್ರೇ ಒಂದು ಲೇಖನ ಪ್ರಕಟಿಸಿದ್ದರು. ಅದರ ಕೊನೆಯಲ್ಲಿ ಬಾಮೈದನ ಹೆಸರಿತ್ತು. ತನ್ನದಿರಲಿಲ್ಲ. ಆ ಪ್ರಯೋಗದ ಗಾಜೆಲ್ಲ ತಾನೇ ಊದಿದ್ದು.

ಮನೆಗೆ ಹೋಗಿ ಹೆಂಡತಿಯ ಮೇಲೆ ಕಾರಿಕೊಂಡ.

"ನಿನ್ನ ತಮ್ಮ ಚೆನ್ನಾಗಿ ಬೆಣ್ಣೆ ಹಚ್ತಾನೆ."

"ಹಚ್ಚೋಕೆ ಅವನ ಮನೇಲಿ ಬೆಣ್ಣೆ ಎಲ್ಲಿದೆ?" ಎಂದಳು ಹೆಂಡತಿ, ಬಟ್ಟೆ ಮಡಿಚುತ್ತಲೇ.

"ಭಾನುವಾರ ಭಾನುವಾರ ಎಲ್ಲಿಗೆ ಹೋಗ್ತಾನೆ ಕೇಳು ಮತ್ತೆ."

"ನೀವೇ ಕೇಳಿ. ಹತ್ತು ಹೆಜ್ಜೆ ದೂರದಲ್ಲಿ ಕೆಲಸ ಮಾಡ್ತೀರಿ. ಬಾಯಿ ಇರೋದು ಗಾಜು ಊದೋಕೆ ಮಾತ್ರಾನಾ?"

ಅವನು ಕೇಳಲಿಲ್ಲ. ಕೇಳದೆ ಇದ್ದದ್ದೇ ಬೆಳೆಯಿತು.

ಇದರ ನಡುವೆ ದೊಡ್ಡ ಬುರುಡೆಯ ಕೆಲಸ ಬಂತು. ಹೊರಗಿನಿಂದ ಒಂದು ಪರಿಶೀಲನಾ ತಂಡ ಬರುವುದಿತ್ತು. ಆ ತಂಡ ಮೆಚ್ಚಿದರೆ ಕಟ್ಟಡಕ್ಕೆ ಒಳ್ಳೆಯ ದರ್ಜೆ, ದೊಡ್ಡ ಮೇಷ್ಟ್ರಿಗೆ ಇನ್ನೂ ದೊಡ್ಡ ಕುರ್ಚಿ. ಅವರಿಗೆ ತೋರಿಸಲೆಂದು ನಿರ್ವಾತದ ಹೊಸ ಪ್ರಯೋಗವೊಂದನ್ನು ಹೂಡಿದ್ದರು. ಕುಂಬಳಕಾಯಿ ಗಾತ್ರದ ಗಾಜಿನ ಬುರುಡೆ, ಅದರ ಕತ್ತಿಗೆ ಬೆಸೆದ ಉಕ್ಕಿನ ಬಳೆ, ಆ ಬಳೆಗೆ ಆರು ಬೋಲ್ಟು. ಒಳಗಿನ ಗಾಳಿಯನ್ನೆಲ್ಲ ಪಂಪು ಎಳೆದು ಹಾಕಬೇಕು. ಪ್ರಯೋಗ ನಡೆಸುವವಳು ಸಂಶೋಧನೆಯ ಹುಡುಗಿ. ಐದನೆಯ ವರ್ಷ ಅವಳದು. ಊದಪ್ಪನ ಮಗಳ ವಯಸ್ಸಿನವಳು. ಅವನನ್ನು "ಮಾಮ" ಎನ್ನುತ್ತಿದ್ದಳು.

ಊದಿದ ಗಾಜಿಗೆ ಒಂದು ಗುಣ. ಉರಿಯಿಂದ ಹೊರಬಂದಾಗ ನೋಡಲು ಚೆಂದವಾಗಿಯೇ ಇರುತ್ತದೆ. ಆದರೆ ಮೇಲ್ಮೈ ಬೇಗ ಆರಿ, ಒಳಗಿನದು ನಿಧಾನಕ್ಕೆ ಆರಿ, ಒಳಗೊಳಗೇ ಎಳೆದಾಟ ಉಳಿಯುತ್ತದೆ. ಬಿಗುವು ಎನ್ನುತ್ತಿದ್ದರು ಅದಕ್ಕೆ. ಬಿಗುವು ಕಳೆಯಬೇಕಾದರೆ ಹದದ ಒಲೆಯಲ್ಲಿಟ್ಟು, ಒಂದು ಹಗಲು ಒಂದು ರಾತ್ರಿ ನಿಧಾನವಾಗಿ ತಣಿಸಬೇಕು. ಹದದ ಒಲೆ ಕೆಟ್ಟು ಎಂಟು ತಿಂಗಳಾಗಿತ್ತು. ಊದಪ್ಪ ಬಾಯಲ್ಲಿ ಹೇಳುತ್ತಿದ್ದ, ಹುಡುಗಿ ಆಫೀಸಿನ ಭಾಷೆಯಲ್ಲಿ ಬರೆಯುತ್ತಿದ್ದಳು. ತಿಂಗಳಿಗೊಂದರಂತೆ ಎಂಟು ಅರ್ಜಿ. ಪ್ರತಿಯೊಂದರ ಮೇಲೂ ಮುದ್ರೆ ಬಿತ್ತು. ಒಲೆ ಬರಲಿಲ್ಲ. ಮುಂದಿನ ಮೆಟ್ಟಿಲಿಗೆ ಹೊಸ ಕಲ್ಲು ಬಂತು.

ಬುರುಡೆ ಊದಿ ಮುಗಿಸಿ, ಊದಪ್ಪ ಅದನ್ನು ತಂಪು ಕನ್ನಡಕದ ಗಾಜಿನಂಥ ಎರಡು ಕಪ್ಪು ಹಾಳೆಗಳ ನಡುವೆ ಹಿಡಿದು ದೀಪಕ್ಕೆ ಒಡ್ಡಿದ. ಬಿಗುವಿದ್ದರೆ ಆ ಹಾಳೆಗಳ ಮೂಲಕ ನೋಡುವಾಗ ಗಾಜಿನಲ್ಲಿ ಬಣ್ಣದ ಪಟ್ಟೆ ಏಳುತ್ತದೆ. ಕತ್ತಿನ ಸುತ್ತ ಹಳದಿ, ಕೆಂಪು, ನೀಲಿ. ನವಿಲು ಗರಿ ಕೆದರಿದಂತೆ.

"ಇದು ಕೊಡೋ ಹಾಗಿಲ್ಲ ಸ್ವಾಮಿ. ಒಲೆ ಬೇಕು," ಎಂದು ದೊಡ್ಡ ಮೇಷ್ಟ್ರಿಗೆ ಹೇಳಿದ.

"ಉರಿಯಲ್ಲೇ ನಿಧಾನವಾಗಿ ಹದ ಮಾಡು."

"ಸಣ್ಣದಕ್ಕೆ ಆಗುತ್ತೆ ಸ್ವಾಮಿ. ಇಷ್ಟು ದೊಡ್ಡದಕ್ಕೆ..."

"ನಿನ್ನ ಬಾಮೈದನ್ನ ನೋಡು. ಯಾವತ್ತಾದ್ರೂ ಆಗಲ್ಲ ಅಂದಿದಾನಾ?"

ಊದಪ್ಪ ಶೆಡ್ಡಿಗೆ ಮರಳಿದ. ಎರಡು ದಿನ ಉರಿಯ ಮುಂದೆ ನಿಂತು, ಬುರುಡೆಯನ್ನು ಮಗುವಿನ ತಲೆಗೆ ಎಣ್ಣೆ ತಿಕ್ಕಿದಂತೆ ತಿರುಗಿಸಿ ತಿರುಗಿಸಿ ಹದ ಮಾಡಿದ. ಪಟ್ಟೆ ಮಸುಕಾಯಿತು. ಹೋಗಲಿಲ್ಲ. ಯಾರೂ ಬಿಗಿಯಾಗಿ ಎಳೆಯದಿದ್ದರೆ ನಿಲ್ಲಬಹುದು ಎಂದು ಮನಸ್ಸಿಗೆ ಹೇಳಿಕೊಂಡ.

ಮೂರನೆಯ ದಿನ ಬಾಮೈದ ಉಕ್ಕಿನ ಬಳೆ ತಂದು ಮೇಜಿನ ಮೇಲಿಟ್ಟ. "ತಗೋ ಭಾವ, ಅವಸರದಲ್ಲಿದೀನಿ," ಎಂದವನು ನಿಲ್ಲದೆ ಹೋದ. ಊದಪ್ಪ ಬಳೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಆರು ತೂತುಗಳಲ್ಲಿ ಒಂದು ಓರೆಯಿತ್ತು. ಕೂದಲೆಳೆಯಷ್ಟು. ಬೇರೆಯವರಿಗೆ ಅಳೆದರೂ ಸಿಗದಷ್ಟು. ಅದರೊಳಗೆ ಬೋಲ್ಟು ಬಿಗಿದರೆ ಅದು ಗಾಜಿನ ಕತ್ತನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ.

ಬೇರೆ ದಿನವಾಗಿದ್ದರೆ, "ಏ ಬಾಮೈದ, ಕಣ್ಣು ಮದುವೆಗೆ ಹೋಗಿತ್ತಾ? ತಗೊಂಡು ಹೋಗಿ ಸರಿ ಮಾಡು," ಎಂದು ಶೆಡ್ಡು ಹಾರುವಂತೆ ಕೂಗುತ್ತಿದ್ದ. ಅಂದು ಕೂಗಲಿಲ್ಲ. ಲೇತಿನ ಕಡೆ ನೋಡಿದ. ಬಾಮೈದ ಇರಲಿಲ್ಲ. ಎಲ್ಲಿಗೆ ಹೋದ ಎಂದರೆ, "ದೊಡ್ಡ ಮೇಷ್ಟ್ರು ಕಾರಲ್ಲಿ ಕೂರಿಸ್ಕೊಂಡು ಹೋದ್ರು," ಎಂದ ಕಟ್ಟಡದ ಕರೆಂಟಿನ ಕೆಲಸ ನೋಡಿಕೊಳ್ಳುವ ಕರೆಂಟಿನವನು.

ಕಾರಿನಲ್ಲಿ! ಹೊಟ್ಟೆಯೊಳಗೆ ಬತ್ತಿ ಹೊತ್ತಿದಂತಾಯಿತು. ಕಾಣಲಿ ಎಲ್ಲರಿಗೂ. ತಂಡದವರ ಮುಂದೆ ಗಾಳಿ ಸೋರಲಿ. ಇವನ ಕೈಚಳಕ ಏನು ಅಂತ ಗೊತ್ತಾಗಲಿ. ಸೋರುತ್ತದೆ, ಅಷ್ಟೇ. ಇನ್ನೇನಾದೀತು? ಕಣ್ಣು ಕಂಡದ್ದನ್ನು ಬಾಯಿ ನುಂಗಿತು. ಬಳೆಯನ್ನು ಗಾಜಿಗೆ ಬೆಸೆದ. ಮಧ್ಯಾಹ್ನ ಮಹಡಿಗೆ ಒಯ್ದು ತಾನೇ ಆರು ಬೋಲ್ಟನ್ನೂ ಬಿಗಿದ. ಆರನೆಯದನ್ನು ಬಿಗಿಯುವಾಗ ಗಾಜು ಕೇಳಿಯೂ ಕೇಳದಷ್ಟು ಸಣ್ಣಗೆ ಕಿರುಗುಟ್ಟಿತು.

"ಆಯ್ತಾ ಮಾಮ?" ಎಂದಳು ಹುಡುಗಿ.

"ಆಯ್ತು ಮಗಳೇ."

ಅವನು ಮೆಟ್ಟಿಲಿಳಿದು ಶೆಡ್ಡಿನ ಬಾಗಿಲಿಗೆ ಬಂದಿದ್ದ. ಹುಡುಗಿ ಪಂಪು ಹಾಕಿದ್ದಳು. ಮೇಲಿನಿಂದ ಪಟಾಕಿ ಹೊಡೆದ ಸದ್ದು. ಆಮೇಲೆ ಗಾಜು ಚೆಲ್ಲಾಡಿದ ಸದ್ದು. ಆಮೇಲೆ ಹುಡುಗಿಯ ಕೂಗು.

ಅವಳ ಕಣ್ಣು ಉಳಿಯಿತು. ಬಲಗೈ ಉಳಿಯಲಿಲ್ಲ ಎನ್ನಬೇಕು. ಅಂಗೈಯ ನರ ಕತ್ತರಿಸಿಹೋಗಿತ್ತು. ಹೊಲಿದರು. ಎರಡು ಬೆರಳು ಇನ್ನು ಮಡಿಚುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಮಂಚದ ಪಕ್ಕ ನಿಂತ ಊದಪ್ಪನಿಗೆ ಅವಳು ತಾನೇ ಸಮಾಧಾನ ಹೇಳಿದಳು: "ನಿಮ್ಮ ತಪ್ಪಲ್ಲ ಮಾಮ. ಒಲೆ ಇಲ್ಲ ಅಂತ ನಾವು ಎಷ್ಟು ಸಲ ಬರೆದ್ವಿ." ಅವನು ಹೊರಗೆ ಬಂದು ಗೋಡೆಗೆ ಹಣೆ ಒತ್ತಿಕೊಂಡು ನಿಂತ.

ಮರುದಿನ ದೊಡ್ಡ ಮೇಷ್ಟ್ರು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ.

"ಬಳೆಯ ತೂತು ಓರೆಯಿತ್ತು. ನಿನಗೂ ಗೊತ್ತು. ಲೇತಿನವನ ಬೇಜವಾಬ್ದಾರಿಯಿಂದ ಅಪಘಾತ ಆಯ್ತು ಅಂತ ಬರೆದಿದೆ. ಸಹಿ ಹಾಕು. ವಿಚಾರಣೆ ಮುಗಿಯುತ್ತೆ." ಪೆನ್ನು ಮುಂದೆ ತಳ್ಳಿ, "ಆ ಹುದ್ದೆಗೂ ಆಮೇಲೆ ಒಬ್ಬನೇ ಉಳೀತೀಯ," ಎಂದರು.

ಊದಪ್ಪ ಪೆನ್ನು ಹಿಡಿದ. ಹಾಳೆಯಲ್ಲಿ ಸುಳ್ಳೇನೂ ಇರಲಿಲ್ಲ. ತೂತು ಓರೆಯಿದ್ದದ್ದು ನಿಜ, ಕೊರೆದವನು ಬಾಮೈದನೇ. ಆರು ತಿಂಗಳಿಂದ ಅವನು ಬೇಡಿಕೊಂಡದ್ದೂ ಇದನ್ನೇ. ಆದರೂ ಗೆರೆಯಿಲ್ಲದ ಬೆರಳುಗಳ ನಡುವೆ ಪೆನ್ನು ಬೆವರಿಗೆ ಜಾರಿತು.

"ನಾಳೆ ಹಾಕ್ತೀನಿ ಸ್ವಾಮಿ."

"ಯಾಕೆ, ಮುಹೂರ್ತ ನೋಡ್ಬೇಕಾ?"

"ಹೆಂಡತೀನ ಒಂದು ಮಾತು ಕೇಳ್ಬೇಕು. ಅವಳ ತಮ್ಮ ಅಲ್ವಾ."

ಹೊರಗೆ ಬಂದರೆ ಟೈಪಿಂಗ್ ಅಕ್ಕ ಕೂತಿದ್ದಳು. ನಿವೃತ್ತಿಗೆ ನಾಲ್ಕು ತಿಂಗಳು ಉಳಿದವಳು. ಯಂತ್ರದಿಂದ ಕಣ್ಣೆತ್ತದೆ, "ಹಾಕಿದ್ಯಾ?" ಎಂದು ಕೇಳಿದಳು.

"ಇಲ್ಲ ಅಕ್ಕ."

"ಎರಡು ಹಾಳೆ ಹೊಡೆದೆ ಕಣಯ್ಯ ನಾನು. ಒಂದ್ರಲ್ಲಿ ಬಳೆ ಓರೆ ಅಂತ. ಇನ್ನೊಂದ್ರಲ್ಲಿ ಗಾಜಲ್ಲಿ ಬಿಗುವಿತ್ತು, ಊದಿದವನಿಗೆ ಗೊತ್ತಿದ್ದೂ ಕೊಟ್ಟ ಅಂತ. ಎರಡನೇದಕ್ಕೆ ಬೆಳಿಗ್ಗೇನೇ ನಿನ್ನ ಬಾಮೈದನ ಸಹಿ ಬಿದ್ದಾಯ್ತು."

ಬಾಮೈದ ಹಾಕಿಯೇಬಿಟ್ಟ. ಅಲ್ಲೂ ಅವನೇ ಮೊದಲು!

"ಮತ್ತೆ ಆ ಹುದ್ದೆ..."

"ಯಾವ ಹುದ್ದೆ? ಅದು ಹೋದ ವರ್ಷಾನೇ ವಾಪಸ್ ಹೋಯ್ತು. ಆ ಕಾಗದಾನೂ ನಾನೇ ಹೊಡೆದದ್ದು. ಇಲ್ಲದ ಕೂಸಿಗೆ ಇಬ್ಬರೂ ಕುಲಾವಿ ಹೊಲೀತಾ ಕೂತಿದ್ರಿ."

ಸಂಜೆ ಅವನು ನೇರ ಬಾಮೈದನ ಮನೆಗೇ ಹೋದ. ಹೆಂಡತಿ ಅಲ್ಲಿಗೆ ಆಗಲೇ ಬಂದು ಕೂತಿದ್ದಳು. ತಮ್ಮನ ಮುಖ ಊದಿಕೊಂಡಿತ್ತು. ಅಳಿಸಿದವಳು ಅಕ್ಕನೇ ಎಂದು ನೋಡಿದರೆ ತಿಳಿಯುತ್ತಿತ್ತು.

"ಹಾಕಿದ್ಯಂತೆ," ಎಂದ ಊದಪ್ಪ, ಚಪ್ಪಲಿಯನ್ನೂ ಬಿಡದೆ.

"ಹಾಕ್ದೆ ಭಾವ."

"ನಿಂಗೆ ಕೆಲಸ ಕೊಡ್ಸಿದ್ದು ಯಾರೋ?"

"ನೀನೇ. ದಿನಕ್ಕೆ ಮೂರು ಸಲ ನೆನಪಿಸ್ತೀಯಲ್ಲ, ಮರೆಯೋದು ಹೇಗೆ?" ಬಾಮೈದ ಎದ್ದು ನಿಂತ. "ನಾನೊಂದು ಕೇಳ್ತೀನಿ ಭಾವ. ಆ ತೂತು ಓರೆಯಿತ್ತು. ಅವಸರದಲ್ಲಿ ಕೊರೆದೆ, ನಂಗೆ ಕಾಣಲಿಲ್ಲ. ನಿಂಗೆ ಕಾಣಲಿಲ್ವಾ?"

ಊದಪ್ಪ ಬಗ್ಗಿ ಚಪ್ಪಲಿ ಬಿಡತೊಡಗಿದ.

"ಒಂಬತ್ತು ವರ್ಷದಲ್ಲಿ ನಿನ್ನ ಕಣ್ಣು ತಪ್ಪಿಸಿದ ಓರೆ ಒಂದೂ ಇಲ್ಲ. ಬೈಸ್ಕೊಂಡು ಬೈಸ್ಕೊಂಡೇ ನಾನು ಕೆಲಸ ಕಲಿತದ್ದು. ಅವತ್ತು ಒಂದೇ ದಿನ ನಿನ್ನ ಕಣ್ಣು ಕುರುಡಾಯ್ತು ಅಂದ್ರೆ ನಾನು ನಂಬ್ತೀನಾ? ಅದಕ್ಕೇ ಹಾಕ್ದೆ ಸಹಿ."

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ಆ ನೋಟ ತಡೆಯಲಾಗಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕುಸಿದ.

"ಕಂಡಿತ್ತು," ಎಂದ. "ಹೇಳಲಿಲ್ಲ. ನಿನ್ನ ಮೇಲಿನ ಹೊಟ್ಟೆಕಿಚ್ಚು. ನಿನ್ನ ಹೆಸರು ಕೆಡಲಿ ಅಂತ. ಆ ಮಗಳ ಕೈ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ."

"ನನ್ನ ಮೇಲೆ ಹೊಟ್ಟೆಕಿಚ್ಚಾ? ನನ್ನತ್ರ ಏನಿದೆ ಭಾವ ಉರಿಯೋಕೆ?"

"ಕೋಣೆಯೊಳಗೆ ಕುರ್ಚಿ ಕೊಟ್ಟಿದ್ರಲ್ಲ."

ಬಾಮೈದನಿಗೆ ನಗು ಬಂತೋ ಅಳು ಬಂತೋ. "ಅಯ್ಯೋ ನಿನ್ನ! ಆ ಕುರ್ಚಿ ಕಾಲು ಮುರಿದಿತ್ತು. ಬೆಸುಗೆ ಹಾಕಿದ ಮೇಲೆ, ಕೂತು ನೋಡು, ಬಿದ್ರೆ ನೀನೇ ಬೀಳು ಅಂದ್ರು."

"ಭಾನುವಾರ?"

"ಅವರ ಮನೆ ಗೇಟು. ಮಹಡಿ ಕಂಬಿ. ಹೂಕುಂಡದ ಸ್ಟ್ಯಾಂಡು. ಒಂದು ಪೈಸೆ ಇಲ್ಲ, ಒಂದು ಹೊತ್ತಿನ ಊಟ ಇಲ್ಲ. ಅವತ್ತು ಕಾರಲ್ಲಿ ಕೂರಿಸ್ಕೊಂಡು ಹೋದದ್ದೂ ಅದಕ್ಕೇ. ಪೂರಾ ದಿನದ ಬಳೆ ಕೆಲಸಾನ ಒಂದು ಗಂಟೇಲಿ ಮುಗಿಸು ಅಂದ್ರು. ಒಂದು ಸಲ ಕೂಲಿ ಕೇಳಿದ್ದಕ್ಕೆ, ಲೇಖನದಲ್ಲಿ ನಿನ್ನ ಹೆಸರು ಹಾಕಿದೀನಲ್ಲೋ, ಇನ್ನೇನು ಬೇಕು ಅಂದ್ರು." ಅವನ ದನಿ ಇಳಿಯಿತು. "ನಿಜ ಹೇಳ್ಲಾ ಭಾವ? ನಂಗೂ ಉರೀತಿತ್ತು. ಹತ್ತೊಂಬತ್ತು ಪುಸ್ತಕದಲ್ಲಿ ನೀನಿದೀಯ. ಹುಡುಗ್ರು ನಿನ್ನ ಮಾಮ ಅಂತಾರೆ, ನನ್ನ ಲೇತ್ ಅಂತಾರೆ. ಭಾನುವಾರ ನಾನು ಅವರ ಮನೇಲಿ ಬಿಸಿಲಲ್ಲಿ ಬೇಯ್ವಾಗ, ನೀನು ಮನೇಲಿ ಕಾಲು ಚಾಚಿ ಮಲಗಿದೀಯ ಅಂತ ನೆನೆಸ್ಕೊಂಡು ಉರೀತಿದ್ದೆ."

ಹೆಂಡತಿ ಎದ್ದು ಇಬ್ಬರ ನಡುವೆ ಬಂದು ನಿಂತಳು. "ಒಬ್ಬನ ಚಾಕರಿ ಕಂಡು ಇನ್ನೊಬ್ಬನಿಗೆ ಅಸೂಯೆ. ಭೂಮಿ ಮೇಲೆ ಎಲ್ಲಾದ್ರೂ ಉಂಟಾ? ಅವನ ಮನೆ ಗೇಟಿಗೆ ನನ್ನ ತಮ್ಮನ ಬೆವರು, ಅವನ ಪ್ರಯೋಗಕ್ಕೆ ನನ್ನ ಗಂಡನ ಉಸಿರು. ನಡುವೆ ಆ ಹೆಣ್ಣುಮಗು ಕೈ ಕಳ್ಕೊಂಡ್ಳು. ಇಬ್ಬರೂ ಹೋಗಿ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಹೇಳದೆ ಬಂದ್ರೆ ಎರಡು ಮನೇಲೂ ಒಲೆ ಹಚ್ಚಲ್ಲ."

ವಿಚಾರಣೆ ನಡೆದದ್ದು ಮೂರನೆಯ ಮಹಡಿಯ ಕೋಣೆಯಲ್ಲಿ. ಮೂವರು ಮೇಷ್ಟ್ರು, ಅವರಲ್ಲೊಬ್ಬರು ಅಧ್ಯಕ್ಷರು, ಪಕ್ಕದಲ್ಲಿ ದೊಡ್ಡ ಮೇಷ್ಟ್ರು. ಒಬ್ಬೊಬ್ಬರನ್ನೇ ಒಳಗೆ ಕರೆದರು, ಮೊದಲು ಊದಪ್ಪನನ್ನು.

"ಹೌದು ಅಥವಾ ಇಲ್ಲ, ಅಷ್ಟೇ ಹೇಳಬೇಕು," ಎಂದರು ಅಧ್ಯಕ್ಷರು. "ಗಾಜಿನಲ್ಲಿ ಬಿಗುವಿತ್ತಾ?"

"ಇತ್ತು ಸ್ವಾಮಿ. ಯಾಕಂದ್ರೆ ಒಲೆ..."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಎಂಟು ತಿಂಗಳಿಂದ..."

"ಗೊತ್ತಿದ್ದೂ ಜೋಡಿಸಿದ್ರಾ?"

"ಹೌದು ಸ್ವಾಮಿ, ಆದ್ರೆ ನನ್ನ ಮಾತು..."

"ಸಾಕು. ಹೊರಗೆ ಕೂತ್ಕೊಳ್ಳಿ."

ಬಾಮೈದ ಒಳಗೆ ಹೋಗಿ ತನ್ನ ಸಹಿ ವಾಪಸ್ಸು ಕೇಳಿದ. ಸಹಿ ಹಾಕಿದ ಕಾಗದ ಕಡತಕ್ಕೆ ಸೇರಿದೆ, ಅದು ತಿರುಗಿ ಬರುವ ವಸ್ತುವಲ್ಲ ಎಂದರು. ಕೊನೆಗೆ ಹುಡುಗಿ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ. ಬಲಗೈಗೆ ಕಟ್ಟು, ಎಡಗೈಯಲ್ಲಿ ಎಂಟು ಅರ್ಜಿಗಳ ಪ್ರತಿ. ಬಾಗಿಲು ತೆರೆದೇ ಇತ್ತು, ಹೊರಗೆ ಕೂತವರಿಗೆಲ್ಲ ಕೇಳಿಸಿತು.

"ಒಲೆಯ ವಿಷಯ ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲಮ್ಮ," ಎಂದರು ಅಧ್ಯಕ್ಷರು.

"ನಿನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದವನು ನಾನು. ನೆನಪಿರಲಿ," ಎಂದರು ದೊಡ್ಡ ಮೇಷ್ಟ್ರು ಮೆಲ್ಲಗೆ.

"ಈ ಕೈಯಲ್ಲಿ ಅದನ್ನ ಬರೆಯೋದೇ ಕಷ್ಟ ಸರ್. ಹೆದರಿಸೋಕೆ ಬೇರೆ ಏನಾದ್ರೂ ಇದ್ಯಾ?" ಎಂದಳು ಹುಡುಗಿ.

ಸಂಜೆಗೆ ಆದೇಶ ಗೋಡೆಗೆ ಅಂಟಿತು. ಗಾಜು ಊದುವವನ ನಿರ್ಲಕ್ಷ್ಯವೇ ಕಾರಣ. ಅವನ ಒಪ್ಪಂದ ರದ್ದು. ಲೇತಿನವನಿಗೆ ಎಚ್ಚರಿಕೆ. ಒಲೆ ಎಂಬ ಪದ ಎಲ್ಲೂ ಇರಲಿಲ್ಲ. ಓರೆ ಎಂಬುದೂ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪರಿಶೀಲನಾ ತಂಡ ಬರುವುದಿತ್ತು. ಊದಪ್ಪ ತನ್ನ ಕಪ್ಪು ಹಾಳೆ, ಚಿಮಟ ತೆಗೆದುಕೊಂಡು ಹೋಗಲು ಬಂದ. ಶೆಡ್ಡಿನೊಳಗೆ ಸದ್ದೇ ಇಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಹೊತ್ತಿನಲ್ಲಿ ಲೇತ್ ತಿರುಗುತ್ತಿರಲಿಲ್ಲ. ಬಾಮೈದ ಬಾಗಿಲ ಬಳಿ ನೆಲಕ್ಕೆ ಕೂತಿದ್ದ. ಪಕ್ಕದಲ್ಲಿ ಕರೆಂಟಿನವನು. ಗಾಳಿಯನ್ನು ತಣಿಸಿ ದ್ರವ ಮಾಡುವ ಯಂತ್ರ ನಡೆಸುವ ಮುದುಕ ತನ್ನ ಯಂತ್ರ ನಿಲ್ಲಿಸಿ ಬಂದಿದ್ದ. ಗುಡಿಸುವ ಹೆಂಗಸರು ಇಬ್ಬರು. ಗಂಟೆಯ ಲೆಕ್ಕದಲ್ಲಿ ಪಾಠ ಹೇಳುವ ಎಳೆಯ ಮೇಷ್ಟ್ರುಗಳು ಮೂವರು. ಅವರ ಹಿಂದೆ ಪ್ರಯೋಗದ ತರಗತಿ ಬಿಟ್ಟು ಬಂದ ಹುಡುಗ ಹುಡುಗಿಯರು. ಸಂಶೋಧನೆಯ ಹುಡುಗಿ ಎಡಗೈಯಿಂದ ಒಬ್ಬೊಬ್ಬರಿಗೂ ಅರ್ಜಿಯ ಪ್ರತಿ ಹಂಚುತ್ತಿದ್ದಳು.

ದೊಡ್ಡ ಮೇಷ್ಟ್ರು ದಡದಡ ಬಂದರು. ಊದಪ್ಪನ ಕಡೆ ನೋಡದೆ ಬಾಮೈದನಿಗೆ, "ಏಳಯ್ಯ. ನಿನಗೇನೂ ಆಗಿಲ್ಲ. ನಿನ್ನ ಕೆಲಸ ನಿನಗಿದೆ. ಲೇತ್ ಶುರು ಮಾಡು," ಎಂದರು.

ಬಾಮೈದ ಕೂತಲ್ಲಿಂದಲೇ ಕೇಳುವಂತೆ ಹೇಳಿದ: "ನಿಮ್ಮ ಮನೆ ಗೇಟು ನಾನು ಮಾಡಿದ್ದು ಸ್ವಾಮಿ. ಒಳಗಿಂದ ಹಾಕಿದ್ರೆ ಹೊರಗಿನವರು ಯಾರೂ ತೆಗೆಯೋಕಾಗಲ್ಲ. ಈ ಬಾಗಿಲೂ ಇವತ್ತು ಹಾಗೇ. ಒಳಗಿನವರು ನಾವೇ ಹಾಕಿದೀವಿ."

ಹೋ ಎಂದು ಎಲ್ಲರೂ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಗುಡಿಸುವ ಹೆಂಗಸು, "ಭಲೇ ಮಗನೇ!" ಎಂದಳು.

ಊದಪ್ಪನ ಹೊಟ್ಟೆಯಲ್ಲಿ ಆ ಹಳೆಯ ಬತ್ತಿ ಮತ್ತೆ ಚುರ್ ಎಂದಿತು. ಈ ಮಾತು ನನ್ನ ಬಾಯಿಗೆ ಯಾಕೆ ಬರಲಿಲ್ಲ? ಕೆಲಸ ಹೋದದ್ದು ನನ್ನದು, ಚಪ್ಪಾಳೆ ಇವನಿಗೆ! ಹಾಗೆ ಅನ್ನಿಸಿದ ಮರುಕ್ಷಣವೇ ಅವನಿಗೆ ನಾಚಿಕೆಯಾಯಿತು. ಆಮೇಲೆ ನಗು ಬಂತು. ಹೋಗಿ ಬಾಮೈದನ ಪಕ್ಕದಲ್ಲಿ, ತೊಡೆಗೆ ತೊಡೆ ತಾಗುವಂತೆ ಕೂತ.

ಗೇಟಿನಲ್ಲಿ ಎರಡು ಕಾರು ನಿಂತವು. ತಂಡದವರು ಇಳಿದರು. ದೊಡ್ಡ ಮೇಷ್ಟ್ರು ಓಡಿ ಹೋಗಿ, "ಸ್ವಲ್ಪ ಗೊಂದಲ, ನೀವು ಮುಂದಿನ ಬಾಗಿಲಿಂದ ಬನ್ನಿ," ಎನ್ನುತ್ತ ಎರಡು ಕೈ ಚಾಚಿ ದಾರಿ ತೋರಿಸಿದರು. ತಂಡದಲ್ಲಿದ್ದ ಬಿಳಿಗೂದಲ ಹೆಂಗಸೊಬ್ಬಳು ಆ ದಾರಿ ಹಿಡಿಯಲಿಲ್ಲ. ಕೈಗೆ ಬಂದ ಅರ್ಜಿಯನ್ನು ಓದುತ್ತಲೇ ಶೆಡ್ಡಿನ ಮುಂದೆ ಬಂದು ನಿಂತಳು.

"ಏನಿದು? ಯಾರು ಹೇಳ್ತೀರಿ?"

ಬಾಮೈದ ಬಾಯಿ ತೆರೆದ. ಊದಪ್ಪ ಅವನ ಹೆಗಲು ಅದುಮಿ, ಅದನ್ನೇ ಊರಿಕೊಂಡು ಎದ್ದ.

"ತಡಿಯೋ. ಎಲ್ಲಾ ಕಡೆ ನೀನೇ ಮುಂದೆ ಹೋಗ್ಬೇಡ. ಇದನ್ನ ನಾನು ಹೇಳ್ಬೇಕು."

ಗಾಜು ಊದುವ ಮುನ್ನ ಮಾಡುವಂತೆ ಉಸಿರು ತುಂಬಿಕೊಂಡ.

"ಮೊದಲು ನನ್ನ ತಪ್ಪಿಂದ ಶುರು ಮಾಡ್ತೀನಿ ತಾಯಿ. ಎಲ್ಲರೂ ಕೇಳಿಸ್ಕೊಳ್ಳಿ, ಆ ಮಗಳೂ ಕೇಳಿಸ್ಕೊಳ್ಳಲಿ," ಎಂದ. ಹಾಗೆಯೇ ದೊಡ್ಡ ಮೇಷ್ಟ್ರ ಕಡೆ ತಿರುಗಿ, "ನೀವೂ ಎಲ್ಲಿಗೂ ಹೋಗ್ಬೇಡಿ ಸ್ವಾಮಿ. ನನ್ನದು ಮುಗಿದ ಮೇಲೆ ನಿಮ್ಮದಕ್ಕೆ ಬರ್ತೀನಿ," ಎಂದ.